ಎಂಜಿನ್ನಿನ ಬಾಯಿಗೆ ಬಿರಡೆ

ಹೋದ ತಿಂಗಳು ವಿಜಯವಾಡದಿಂದ ಒಂದು ಫೋನ್ ಬಂತು. ನಾನು ಕೊನೆಗೆ ಕೆಲಸ ಮಾಡಿದ ಮಾದರಿ ವಿಮಾನದ ಕಾರ್ಯಾಗಾರಕ್ಕೆ ಹೊಸದಾಗಿ ಸೇರಿರುವ ಶಿಕ್ಷಕಿ ರೇಣುಕಾ. ಬಳ್ಳಾರಿ ಕಡೆಯವರು. ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ.

“ಸಾರ್, ಬೀರು ಖಾಲಿ ಮಾಡ್ತಾ ಇದ್ದೆ. ತಗಡಿನ ಡಬ್ಬಿಯೊಳಗೆ ಆರು ಎಂಜಿನ್ ಸಿಕ್ಕಾವೆ. ಒಂದಕ್ಕೂ ಪ್ಲಗ್ ಇಲ್ಲ. ಪ್ಲಗ್ ಇರೋ ಜಾಗದಲ್ಲಿ ಒಂದು ಸ್ಕ್ರೂ, ಅದಕ್ಕೊಂದು ಅಡ್ಡ ಕಡ್ಡಿ. ಗಾಳಿ ಎಳೆಯೋ ಬಾಯಿಗೆ ಮರದ ಬಿರಡೆ ಹಾಕ್ಯಾರೆ, ಅದರ ಮೇಲೆಲ್ಲಾ ಕೆಂಪು ಬಣ್ಣ. ಇವನ್ನ ಗುಜರಿಗೆ ಬರೆದು ಹಾಕ್ಲಾ?”

“ಬೇಡಮ್ಮ. ಅದು ಬಣ್ಣ ಅಲ್ಲ, ಕುಂಕುಮ.”

“ಎಂಜಿನ್ನಿಗೆ ಕುಂಕುಮ ಇಡ್ತಾರೆ, ಸರಿ. ಬಿರಡೆಗೆ ಯಾಕೆ ಸಾರ್?”

ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ. “ಬರೆದು ಕಳಿಸ್ತೀನಿ, ಅಲ್ಲೀವರೆಗೂ ಡಬ್ಬಿ ಮುಚ್ಚಿಡಿ” ಎಂದೆ. ಈ ಕೆಲಸಕ್ಕೆ ಹೊಸದಾಗಿ ಕಾಲಿಡುವ ಬೇರೆಯವರಿಗೂ ಉಪಯೋಗವಾದೀತು ಎಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾನು ತುಮಕೂರು ಕಡೆಯವನು. ಫಿಟ್ಟರ್ ಕೆಲಸ ಕಲಿತು, ಕಾಲೇಜು ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ಕಟ್ಟಿ ಹಾರಿಸಲು ಹೇಳಿಕೊಡುವ ಒಂದು ಸರ್ಕಾರಿ ಘಟಕಕ್ಕೆ ಸೇರಿ, ಮೊದಲು ವಿಶಾಖಪಟ್ಟಣದಲ್ಲೂ ಆಮೇಲೆ ವಿಜಯವಾಡದಲ್ಲೂ ಇದ್ದೆ. ಬೆನ್ನುನೋವಿನ ದೆಸೆಯಿಂದ ಐವತ್ತು ದಾಟುತ್ತಲೇ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಈಗ ಮತ್ತೆ ವಿಶಾಖಪಟ್ಟಣದಲ್ಲೇ ಮನೆ ಮಾಡಿಕೊಂಡಿದ್ದೇನೆ. ಯಾವ ವರ್ಷ ಯಾವ ಗ್ರೇಡು ಸಿಕ್ಕಿತು ಎಂಬುದು ನನಗೇ ಈಗ ಬೇಡದ ಮಾತು. ಒಂದೇ ಒಂದು ಆಸ್ತಿ ಇದೆ. ದಿನಾ ಸಂಜೆ ಐದು ಗಂಟೆಗೆ ಕೈ ತೊಳೆದುಕೊಂಡು ನೋಟ್‌ಬುಕ್ಕಿನಲ್ಲಿ ಐದಾರು ಸಾಲು ಬರೆಯುವುದು ನನ್ನ ಅಭ್ಯಾಸವಾಗಿತ್ತು. ಗಾಳಿ ಎಷ್ಟಿತ್ತು, ಯಾವ ಎಂಜಿನ್ ಎಷ್ಟನೇ ಏಟಿಗೆ ಹೊತ್ತಿತು, ಬುತ್ತಿ ಡಬ್ಬಿಯಲ್ಲಿ ಸರೋಜ ಏನು ಕಟ್ಟಿದ್ದಳು. ಹತ್ತೊಂಬತ್ತು ನೋಟ್‌ಬುಕ್ ಆಗಿವೆ. ಈ ಬರಹದಲ್ಲಿ ಇರುವುದೆಲ್ಲ ಅದರಲ್ಲಿದ್ದದ್ದೇ. ಒಂದು ದಿನದ್ದು ಮಾತ್ರ ಮಾರನೇ ಬೆಳಿಗ್ಗೆ ಬರೆದದ್ದು. ಯಾಕೆಂದು ಮುಂದೆ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ಆಗ ನಮ್ಮಲ್ಲಿದ್ದದ್ದು ಗ್ಲೋ ಎಂಜಿನ್. ಗಾತ್ರ ದೊಡ್ಡ ನಿಂಬೆಹಣ್ಣಿನಷ್ಟು. ಅದರ ತಲೆಯ ಮೇಲೆ ಒಂದು ಪುಟ್ಟ ಪ್ಲಗ್, ಪ್ಲಗ್ಗಿನೊಳಗೆ ಕೂದಲೆಳೆಯಂಥ ತಂತಿಯ ಸುರುಳಿ. ಬ್ಯಾಟರಿ ತಾಗಿಸಿದರೆ ಸುರುಳಿ ಕೆಂಪಗೆ ಕಾಯುತ್ತದೆ, ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ ಹೊತ್ತಿಕೊಳ್ಳುತ್ತದೆ. ಆಮೇಲೆ ಬ್ಯಾಟರಿ ಬೇಕಿಲ್ಲ, ಎಂಜಿನ್ನಿನ ಕಾವಿಗೇ ಸುರುಳಿ ಬೆಳಗುತ್ತಿರುತ್ತದೆ. ಚೆಂದದ ಏರ್ಪಾಡು. ಆದರೆ ಕಲಿಯುವವರ ಕೈಯಲ್ಲಿ ಪ್ಲಗ್ ಬಾಳುತ್ತಿರಲಿಲ್ಲ. ಬ್ಯಾಟರಿ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ‘ಟಿಕ್’ ಎಂದು ಸುರುಳಿ ಸುಟ್ಟಿತು, ಮುಗಿಯಿತು. ಪ್ಲಗ್ ಬರಬೇಕಾದದ್ದು ಹೊರದೇಶದಿಂದ. ಮೆಥನಾಲ್ ವಿಷದ ಪಟ್ಟಿಯಲ್ಲಿರುವ ವಸ್ತು, ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಎರಡಕ್ಕೂ ಬರೆದ ಕಾಗದಗಳು ಹೋದಲ್ಲಿಯೇ ಉಳಿದವು. ಒಂದು ದಿನ ಕೊನೆಯ ಪ್ಲಗ್ಗೂ ಸುಟ್ಟಿತು. ಆರು ಒಳ್ಳೆಯ ಎಂಜಿನ್ ಬೀರುವಿನಲ್ಲಿ ಸಾಲಾಗಿ ಕೂತವು.

ನಮ್ಮ ಅಧಿಕಾರಿ ಕುಲಕರ್ಣಿ ಸಾಹೇಬರು ಧಾರವಾಡದವರು. ವಿಶಾಖಪಟ್ಟಣದಲ್ಲಿ ಕನ್ನಡ ಮಾತಾಡಲು ಇನ್ನೊಬ್ಬ ಸಿಕ್ಕಿದನಲ್ಲ ಎಂದು ನನ್ನನ್ನು ಆಗಾಗ ಕರೆದು ಕೂರಿಸಿಕೊಳ್ಳುತ್ತಿದ್ದರು. ಅವರ ಕನ್ನಡಕ್ಕೂ ನನ್ನ ಕನ್ನಡಕ್ಕೂ ಇದ್ದ ದೂರ ನೋಡಿದರೆ, ಇಬ್ಬರೂ ತೆಲುಗು ಮಾತಾಡುವುದೇ ಸುಲಭವಿತ್ತೇನೋ.

“ಏನ್ರಿ ಮಾಸ್ತರ, ಪ್ಲಗ್ ಇಲ್ಲದ ಓಡಂಗೇ ಇಲ್ಲೇನು ಇವು?”

“ಡೀಸೆಲ್ ಮಾಡಿದ್ರೆ ಓಡ್ತವೆ ಸಾರ್.”

“ಲಾರಿ ಮಾಡತೀರೇನ್ರಿ ಇದನ್ನ!”

ಹೊಸಬರು ಇದೊಂದನ್ನು ತಿಳಿದುಕೊಳ್ಳಬೇಕು. ಮಾದರಿ ಎಂಜಿನ್ನಿನ ಡೀಸೆಲ್ ಎಂದರೆ ಬಂಕಿನಲ್ಲಿ ಸಿಗುವ ಡೀಸೆಲ್ ಅಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಸಮಸಮ ಬೆರೆಸಿದ್ದು. ಕಿಡಿ ಬೇಡ, ಪ್ಲಗ್ ಬೇಡ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೇ ಈಥರ್ ಹೊತ್ತಿಕೊಳ್ಳುತ್ತದೆ. ಹಾಗಾಗಬೇಕಾದರೆ ಒತ್ತಡ ಹೆಚ್ಚು ಬೇಕು, ಅದನ್ನು ಬೇಕಾದ ಹಾಗೆ ಏರಿಸಿ ಇಳಿಸಲೂ ಬರಬೇಕು. ಆದ್ದರಿಂದ ಹಳೆಯ ತಲೆ ಬಿಚ್ಚಿ ಹೊಸ ತಲೆ ಕೂರಿಸಬೇಕು. ಅದರೊಳಗೆ ಒಂದು ಬಿಲ್ಲೆ, ಬಿಲ್ಲೆಯನ್ನು ಮೇಲಿಂದ ಒತ್ತಲು ಅಡ್ಡ ಕಡ್ಡಿ ಹಾಕಿದ ಸ್ಕ್ರೂ. ಕಡ್ಡಿ ತಿರುಗಿಸಿದರೆ ಬಿಲ್ಲೆ ಇಳಿಯುತ್ತದೆ, ಒತ್ತಡ ಏರುತ್ತದೆ. ಕೇಳಲು ಇಷ್ಟೇ.

ಇಷ್ಟನ್ನು ಮಾಡಿದವನು ಅಪ್ಪಲರಾಜು.

ಅಪ್ಪಲರಾಜು ನಮ್ಮ ಟರ್ನರ್, ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಅನಕಾಪಲ್ಲಿಯವನು, ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ. ಏಳು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಕಾಗದದ ಮೇಲೆ ಅವನು ಹೊಸಬ. ಎಂಬತ್ತೊಂಬತ್ತು ದಿನ ಕೆಲಸ, ಒಂದು ದಿನ ಬಿಡುವು, ಮತ್ತೆ ಎಂಬತ್ತೊಂಬತ್ತು ದಿನದ ಹೊಸ ಆದೇಶ. ತೊಂಬತ್ತು ತುಂಬಿದರೆ ಖಾಯಂ ಮಾಡಬೇಕಾದೀತು ಎಂದು ಹೀಗೆ ಕತ್ತರಿಸುವ ಪದ್ಧತಿ. ಹೆಂಡತಿ, ಎರಡು ಮಕ್ಕಳು, ಮಂಚ ಹಿಡಿದ ತಂದೆ ಎಲ್ಲರೂ ಆ ಎಂಬತ್ತೊಂಬತ್ತರ ಮೇಲೆಯೇ ನಿಂತಿದ್ದರು. ಟರ್ನರ್ ಹುದ್ದೆಯನ್ನು ಖಾಯಂ ಮಾಡಬೇಕೆಂದು ಕುಲಕರ್ಣಿ ಸಾಹೇಬರು ಮೇಲಕ್ಕೆ ಬರೆದಿದ್ದರು. ಬಂದ ಉತ್ತರ ಒಂದೇ ಸಾಲು. ಎಂಜಿನ್ನುಗಳೇ ಓಡದ ವಿಭಾಗಕ್ಕೆ ಟರ್ನರ್ ಏಕೆ? ಮುಂದಿನ ತಪಾಸಣೆಯಲ್ಲಿ ನೋಡಿ ತೀರ್ಮಾನಿಸಲಾಗುವುದು.

ಆದ್ದರಿಂದ ಆರು ಎಂಜಿನ್ ಓಡಿದರೆ ಅಪ್ಪಲರಾಜು ಉಳಿಯುತ್ತಿದ್ದ. ಓಡದಿದ್ದರೆ ಇಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೀರುವಿನಲ್ಲಿ ಹಳೆಯ ಕಾಲದ ಒಂದು ಡೀಸೆಲ್ ಮಾದರಿ ಎಂಜಿನ್ ಇತ್ತು. ಅದನ್ನು ಬಿಚ್ಚಿ ಅಳತೆ ತೆಗೆದು ನಾನು ಚಿತ್ರ ಬರೆದೆ. ಬಿಲ್ಲೆಯ ಪಕ್ಕದಿಂದ ಗಾಳಿ ಸೋರಬಾರದು ಎಂದು ನಾನೇ ಜಾಣತನ ಮಾಡಿ ರಬ್ಬರ್ ಉಂಗುರ ಹಾಕಿಸಿದೆ. ಅಡುಗೆ ಗ್ಯಾಸ್ ಸಿಲಿಂಡರಿನ ಬಾಯಲ್ಲಿರುತ್ತದಲ್ಲ, ಅಂಥದ್ದು. ಎರಡು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಈಥರ್ ಕುಡಿದು ರಬ್ಬರ್ ಊದಿಕೊಂಡು, ಬಿಲ್ಲೆ ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ ಕಚ್ಚಿಕೊಂಡಿತು.

“ಮಾಸ್ಟಾರೂ, ರಬ್ಬರ್ ಬೇಡ ಬಿಡಿ. ಲೋಹಕ್ಕೆ ಲೋಹಾನೇ ಕೂರಿಸ್ತೀನಿ,” ಎಂದ ಅಪ್ಪಲರಾಜು. ಅವನು ಮಾತಾಡುತ್ತಿದ್ದದ್ದು ತೆಲುಗು, ನಾನು ಕನ್ನಡ ಬೆರೆಸಿದ ತೆಲುಗು. ಇಲ್ಲಿ ಅವನ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ‘ಮಾಸ್ಟಾರೂ’ ಎಂಬಂಥ ಒಂದೆರಡು ಮಾತನ್ನು ಮಾತ್ರ ಬದಲಾಯಿಸಲು ಮನಸ್ಸಿಲ್ಲ.

ಅವನು ಬಿಲ್ಲೆಯನ್ನು ಬೇಕೆಂದೇ ಕೂದಲೆಳೆಯಷ್ಟು ದಪ್ಪ ಮಾಡಿ, ನುಣ್ಣನೆಯ ಅರೆಯುವ ಪೇಸ್ಟೂ ಎಣ್ಣೆಯೂ ಹಚ್ಚಿ, ಕೈಯಲ್ಲೇ ತಿರುವಿ ತಿರುವಿ ಉಜ್ಜುತ್ತಿದ್ದ. ಅದಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ಒಂದು ಬಿಲ್ಲೆಗೆ ಒಂದು ದಿನ. ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯುವುದು. ಎಷ್ಟು ಸಲ ಎಂದರೆ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಉಳಿಯುವವರೆಗೆ.

“ಸಾಕು ಬಿಡಯ್ಯಾ, ಏಳು ಸಲ ಆಯ್ತು.”

“ಅಯ್ಯ ಬಾಬೋ, ಒಂದು ಕಣ ಉಳಿದ್ರೂ ಅದು ನಿದ್ದೆ ಮಾಡಲ್ಲ ಮಾಸ್ಟಾರೂ. ಒಳಗೆ ಕೂತು ಉಜ್ಜುತ್ತಾನೇ ಇರ್ತದೆ.”

ಗ್ಲೋ ಎಂಜಿನ್ನಿನಲ್ಲಿ ಪಿಸ್ಟನ್ ಪಕ್ಕ ಸ್ವಲ್ಪ ಸೋರಿದರೂ ಪ್ಲಗ್ಗಿನ ಬಿಸಿ ಕಾಪಾಡುತ್ತದೆ. ಡೀಸೆಲ್ಲಿಗೆ ಆ ಆಸರೆ ಇಲ್ಲ, ಇರುವುದು ಒತ್ತಡ ಒಂದೇ. ಹೀಗಾಗಿ ಎಂಜಿನ್ ಬೆಂಚಿನ ಮೇಲಿದ್ದಾಗಲೆಲ್ಲ ಅದರ ಗಾಳಿ ಎಳೆಯುವ ಬಾಯಿಗೂ ಹೊಗೆ ಬಿಡುವ ಕಿಂಡಿಗೂ ಅವನು ಚಿಂದಿ ಬಟ್ಟೆ ಸುತ್ತಿ ಕಟ್ಟಿಡುತ್ತಿದ್ದ. ಆರು ಎಂಜಿನ್ನೂ ಮುಸುಕು ಹಾಕಿಕೊಂಡು ಕೂತಿರುತ್ತಿದ್ದವು. ಆ ಮುಸುಕನ್ನು ಮರೆಯಬೇಡಿ.

ಈಥರ್ ತರುತ್ತಿದ್ದದ್ದು ಊರೊಳಗಿನ ದ್ವಾರಕಾ ನಗರ ಬಡಾವಣೆಯ ಪ್ರಯೋಗಾಲಯ ಸಾಮಾನಿನ ಅಂಗಡಿಯಿಂದ. ಸೀಮೆಎಣ್ಣೆಗೆ ತೊಂದರೆಯಿರಲಿಲ್ಲ. ಹರಳೆಣ್ಣೆಯ ವಿಷಯದಲ್ಲಿ ನಾನೊಂದು ಪೆದ್ದುತನ ಮಾಡಿದೆ. ಅಂಗಡಿಯ ಎಣ್ಣೆ ಶುದ್ಧವಿರುವುದಿಲ್ಲ ಎಂದುಕೊಂಡು, ಅತ್ತೆ ತುಮಕೂರಿನಿಂದ ಎಣ್ಣೆಸ್ನಾನಕ್ಕೆಂದು ಕಾಯಿಸಿ ಕಳಿಸಿದ್ದ ಹರಳೆಣ್ಣೆಯನ್ನು ಮನೆಯಿಂದ ಒಯ್ದೆ. ಅತ್ತೆ ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುವವರು. ಅದರಲ್ಲಿ ನೀರಿನ ಪಸೆ ಉಳಿದಿತ್ತು, ತಂಪಿಗೆಂದು ಹಾಕಿದ ಮೆಂತ್ಯದ ಪುಡಿಯೂ ಇತ್ತು. ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು. ಸೂಜಿಯಂಥ ಇಂಧನದ ರಂಧ್ರ ಕಟ್ಟಿಹೋಗಿತ್ತು. ಕಾರ್ಯಾಗಾರದ ತುಂಬ ದೀಪಾವಳಿ ಬೆಳಗಿನ ಬಚ್ಚಲುಮನೆಯ ವಾಸನೆ.

ಮನೆಯಲ್ಲಿ ಸರೋಜ, “ನಮ್ಮಮ್ಮ ನಿಮ್ಮ ತಲೆ ತಣ್ಣಗಿರ್ಲಿ ಅಂತ ಕಳ್ಸಿದ್ರೆ ಎಂಜಿನ್ನಿಗೆ ಕುಡಿಸ್ತೀರಾ? ಅದಕ್ಕೇನು ಉಷ್ಣ ಆಗಿತ್ತಾ?” ಎಂದಳು. ಆವತ್ತಿನಿಂದ ಎಣ್ಣೆ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು.

ಅಂಗಡಿಯ ಎಣ್ಣೆ ಹಾಕಿದ ಮೇಲೆ ಮೊದಲನೆಯ ಎಂಜಿನ್ ಸರಿಯಾಗಿ ಹೊತ್ತಿತು. ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿಕೊಂಡು ಎಂಜಿನ್ನಿನ ಮೂತಿಗೆ ಹಾಕಿದ ಪಂಕವನ್ನು, ಎಂದರೆ ಪ್ರೊಪೆಲ್ಲರನ್ನು, ಬಾರಿಸಬೇಕು, ಇಲ್ಲದಿದ್ದರೆ ತಿರುಗಿ ಹೊಡೆದು ಬೆರಳು ಸೀಳುತ್ತದೆ. ಹದಿನಾಲ್ಕನೇ ಏಟಿಗೆ ಹೊತ್ತಿತು ಎಂದು ನೋಟ್‌ಬುಕ್ಕಿನಲ್ಲಿದೆ. ಗ್ಲೋ ಎಂಜಿನ್ನಿನ ಕಿರಿಚಾಟ ಅಲ್ಲ, ದಪ್ಪ ದನಿ. ದೊಡ್ಡ ಪಂಕವನ್ನು ನಿಧಾನಕ್ಕೆ, ಗಟ್ಟಿಯಾಗಿ ತಿರುಗಿಸಿತು. ಅಪ್ಪಲರಾಜು ಮರುದಿನ ಊರಿನಿಂದ ಒಂದು ಅಚ್ಚು ಬೆಲ್ಲ ತಂದು ಎಲ್ಲರಿಗೂ ಚೂರು ಚೂರು ಹಂಚಿದ.

ಆರೂ ಎಂಜಿನ್ ಸಿದ್ಧವಾಗುವ ಹೊತ್ತಿಗೆ ವಿಭಾಗವನ್ನೇ ವಿಜಯವಾಡಕ್ಕೆ ಎತ್ತಿದರು. ಕುಲಕರ್ಣಿ ಸಾಹೇಬರು, ನಾನು, ಲೇತು, ಬೀರು ಎಲ್ಲ ಹೊರಟೆವು. ಅಪ್ಪಲರಾಜು ಸಂಸಾರವನ್ನು ಅನಕಾಪಲ್ಲಿಯಲ್ಲೇ ಬಿಟ್ಟು ಬಂದ. ಶನಿವಾರ ಸಂಜೆ ರೈಲು ಹತ್ತಿದರೆ ಸೋಮವಾರ ಬೆಳಿಗ್ಗೆ ಲೇತಿನ ಮುಂದೆ. ನನ್ನ ಮಗಳು ಅಲ್ಲಿನ ಶಾಲೆಗೆ ಸೇರಿ ತಿಂಗಳಿಗೆಲ್ಲ ಮಗ್ಗಿಯನ್ನೂ ತೆಲುಗಿನಲ್ಲೇ ಹೇಳತೊಡಗಿದಳು.

ವಿಜಯವಾಡದ ಸೆಕೆ ನಮಗೆ ಪಾಠ ಕಲಿಸಿತು. ಸಮುದ್ರದ ಗಾಳಿಯಲ್ಲಿ ಕಲಿತ ಹದ ಅಲ್ಲಿ ನಡೆಯಲಿಲ್ಲ. ಬೆಳಿಗ್ಗೆ ಬೆರೆಸಿಟ್ಟ ಇಂಧನದಲ್ಲಿ ಮಧ್ಯಾಹ್ನದ ಹೊತ್ತಿಗೆ ಈಥರ್ ಅರ್ಧ ಹಾರಿಹೋಗಿರುತ್ತಿತ್ತು. ಎಂಜಿನ್ ಹೊತ್ತುತ್ತಿಲ್ಲವೆಂದು ನಾನು ಕಡ್ಡಿ ತಿರುಗಿಸಿ ಒತ್ತಡ ಏರಿಸಿದೆ. ಮತ್ತೆ ಏರಿಸಿದೆ. ಐದನೇ ನಂಬರಿನ ಎಂಜಿನ್ನಿನಲ್ಲಿ ಪಿಸ್ಟನ್ ಹಿಡಿಯುವ ದಂಡ ಬಾಗಿಯೇ ಹೋಯಿತು. ಅದನ್ನು ಅಪ್ಪಲರಾಜು ಹೊಸದಾಗಿ ಮಾಡಿಕೊಟ್ಟ. ಇಂಧನದ ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ನಡುವೆ ಒಂದು ಗೆರೆ. ಕೆಳಗೆ ಹರಳೆಣ್ಣೆ, ಮೇಲೆ ಸೀಮೆಎಣ್ಣೆ.

“ಇವೆರಡಕ್ಕೂ ಜಗಳ ಮಾಸ್ಟಾರೂ. ಈಥರ್ ಇರೋವರೆಗೆ ಮಾತ್ರ ಒಟ್ಟಿಗೆ ಇರ್ತವೆ. ಗೆರೆ ಕಂಡ್ರೆ ಕಡ್ಡಿ ಮುಟ್ಟಬೇಡಿ, ಸೀಸೆ ಚೆಲ್ಲಿ.”

ಆಮೇಲಿಂದ ಗಟ್ಟಿ ಬಿರಡೆ ಹಾಕಿದ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಇಡತೊಡಗಿದೆವು. ಕಡ್ಡಿ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಬಾರದು ಎಂದು ಗೋಡೆಯ ಮೇಲೆ ಬರೆದೆವು. ಈಥರ್ ಇರುವ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಬಾರದು ಎಂಬುದನ್ನು ಅದಕ್ಕಿಂತ ದೊಡ್ಡದಾಗಿ ಬರೆದೆವು.

ತಪಾಸಣೆಯ ಕಾಗದ ಬಂತು. ಆಯುಧಪೂಜೆ ಆದ ಐದನೇ ದಿನಕ್ಕೆ.

ವಿಜಯವಾಡದಲ್ಲಿ ದಸರಾ ಎಂದರೆ ಊರಿಗೆ ಊರೇ ಬೆಟ್ಟದ ಅಮ್ಮನವರ ಕಡೆ ಮುಖ ಮಾಡಿರುತ್ತದೆ. ಆಯುಧಪೂಜೆಯ ದಿನ ಕಾರ್ಯಾಗಾರದ ಪೂಜೆಯ ಹೊಣೆ ಯಾವಾಗಲೂ ನನ್ನದೇ. ಆ ವರ್ಷ ಅದೇ ದಿನ ಅಪ್ಪಲರಾಜುವಿನ ‘ಒಂದು ದಿನದ ಬಿಡುವು’ ಬಿತ್ತು. ಹಿಂದಿನ ದಿನ ಬೆಂಚು ಒರೆಸಿ, ಆರು ಎಂಜಿನ್ನಿಗೂ ಮುಸುಕು ಕಟ್ಟಿ, ಊರಿಗೆ ಹೋದ.

ಬೆಳಿಗ್ಗೆ ಲೇತಿಗೆ ಚೆಂಡುಹೂವಿನ ಹಾರ ಹಾಕಿದೆ. ಡ್ರಿಲ್ಲು, ಗರಗಸ, ಅರಗಳಿಗೆ ಗಂಧ ಕುಂಕುಮ ಇಟ್ಟೆ. ಸರೋಜ ಕಡಲೆಕಾಳಿನ ಉಸಲಿ ಮಾಡಿ ತಂದಿದ್ದಳು. ಎಂಜಿನ್ನುಗಳ ಮುಂದೆ ಬಂದಾಗ ಕೈ ತಡೆಯಿತು. ಮೂಗು ಬಾಯಿಗೆಲ್ಲ ಚಿಂದಿ ಕಟ್ಟಿಕೊಂಡ ಎಂಜಿನ್ನಿಗೆ ಪೂಜೆ ಮಾಡುವುದು ಹೇಗೆ? ಮನೆಯಲ್ಲಿ ಹಬ್ಬದ ದಿನ ಮಗುವಿಗೆ ಹಳೆಬಟ್ಟೆ ತೊಡಿಸಿ ಕೂರಿಸಿದ ಹಾಗೆ ಕಂಡಿತು. ಒಂದೊಂದೇ ಮುಸುಕು ಬಿಚ್ಚಿದೆ. ಆರಕ್ಕೂ ಅರಿಶಿನ ಕುಂಕುಮ ಇಟ್ಟೆ, ಅಕ್ಷತೆ ಹಾಕಿದೆ, ವಿಭೂತಿ ಎಳೆದೆ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಕುಂಕುಮ ಅದು. ಬೆರಳಿಗೇ ಮರಳು ಮರಳಾಗಿ ಹತ್ತುತ್ತಿತ್ತು. ಮಂಗಳಾರತಿ ಆದ ಮೇಲೆ, ಪೂಜೆ ಮಾಡಿದ ಯಂತ್ರವನ್ನು ಒಮ್ಮೆ ನಡೆಸಬೇಕೆಂಬ ಶಾಸ್ತ್ರಕ್ಕೆ ಆರು ಎಂಜಿನ್ನಿನ ಪಂಕವನ್ನೂ ಕೈಯಿಂದ ಹತ್ತು ಹತ್ತು ಸುತ್ತು ತಿರುಗಿಸಿದೆ.

ಸಂಜೆ ಮತ್ತೆ ಮುಸುಕು ಹಾಕಲು ಮರೆತೆ.

ಮಾರನೇ ದಿನ ರಜೆಯಾದರೂ ತಪಾಸಣೆಗೆಂದು ವಿದ್ಯಾರ್ಥಿಗಳನ್ನೂ ಕರೆಸಿದ್ದೆವು. ಎಂಜಿನ್ನುಗಳ ಬಾಯಿಯ ಸುತ್ತ ಕೆಂಪಾಗಿದ್ದದ್ದನ್ನು ಒರೆಸಿ, ಇಂಧನ ಹಾಕಿ ಮೊದಲ ನಾಲ್ಕನ್ನು ಓಡಿಸಿದೆ. ಹೊತ್ತಿದವು. ಒಂದೊಂದೂ ಎರಡು ಮೂರು ನಿಮಿಷ ಓಡಿ ದನಿ ಇಳಿಸಿ ನಿಂತವು. ಮತ್ತೆ ಬಾರಿಸಿದೆ. ಪಂಕ ಎದುರು ತಳ್ಳಲೇ ಇಲ್ಲ. ಸುಮ್ಮನೆ ಸಲೀಸಾಗಿ ಸುತ್ತಿತು, ಗಿರಗಿಟ್ಟಲೆಯ ಹಾಗೆ. ಒತ್ತಡವೆಲ್ಲ ಪಿಸ್ಟನ್ನಿನ ಪಕ್ಕದಿಂದ ಸೋರಿಹೋಗುತ್ತಿತ್ತು. ಕುಂಕುಮ, ಹರಳೆಣ್ಣೆ ಎರಡೂ ಕೂಡಿ ಒಳಗೆ ಅರೆಯುವ ಪೇಸ್ಟೇ ಆಗಿಬಿಟ್ಟಿತ್ತು.

ಅಪ್ಪಲರಾಜು ಮಧ್ಯಾಹ್ನ ಬಂದ. ಮೊದಲನೇ ಎಂಜಿನ್ನಿನ ಪಂಕ ತಿರುಗಿಸಿದ, ಎರಡನೆಯದು, ಮೂರನೆಯದು. ನಾಲ್ಕು ಹೋಗಿದ್ದವು. ಇನ್ನೂ ಓಡಿಸದ ಎರಡು ಉಳಿದಿದ್ದವು. ಬಾಯೊಳಗೆ ಕಿರುಬೆರಳು ಹಾಕಿ ತೆಗೆದ. ಬೆರಳ ತುದಿ ಕೆಂಪು. ಆ ಬೆರಳನ್ನೇ ನೋಡುತ್ತ ನಿಂತ.

ಅಷ್ಟರಲ್ಲಿ ಕುಲಕರ್ಣಿ ಸಾಹೇಬರು ಬಂದರು. ವಿಷಯ ತಿಳಿದು ಕೆಂಡವಾದರು. “ತಪಾಸಣಿ ನಾಕ ದಿನದಾಗ ಅದ! ಅರಿವಿ ಕಟ್ಟಿದ್ದಿಲ್ಲೇನು? ಯಾರ ಬಿಚ್ಚಿದ್ರು ಅದನ್ನ?”

ಅಪ್ಪಲರಾಜು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆದೆ. ಹೊರಬಂದ ಮಾತು ಇದು: “ಗೊತ್ತಿಲ್ಲ ಸಾರ್. ಪೂಜೆ ಗಡಿಬಿಡಿ ಇತ್ತು.”

ಯಾಕೆ ಹಾಗಂದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಇಪ್ಪತ್ತು ವರ್ಷ ‘ಮಾಸ್ಟಾರು’ ಎನಿಸಿಕೊಂಡವನಿಗೆ, ಅಷ್ಟೊಂದು ವಿದ್ಯಾರ್ಥಿಗಳ ಎದುರು, ಕುಂಕುಮ ಹಾಕಿ ಎಂಜಿನ್ ಕೆಡಿಸಿದೆ ಎನ್ನಲು ನಾಲಗೆ ಏಳಲಿಲ್ಲ. ಅಷ್ಟೇ ಇರಬೇಕು.

ಸಾಹೇಬರು ಅಪ್ಪಲರಾಜುವಿನ ಕಡೆ ತಿರುಗಿದರು. ಎಂಜಿನ್ ಕಾಯುವ ಹೊಣೆ ಟರ್ನರಿನದು, ಗಟ್ಟಿಯಾಗಿ ಕಟ್ಟದೆ ಊರಿಗೆ ಓಡಿದ್ದೀಯ, ಇಂಥವನಿಗಾಗಿಯೇ ನಾನು ಮೇಲಿನವರ ಹತ್ತಿರ ಬೇಡಿದ್ದು ಎಂದೆಲ್ಲ ಹರಕು ತೆಲುಗಿನಲ್ಲಿ ಬೈದರು. ಟೈಪಿಸ್ಟನನ್ನು ಕರೆದು ಮೆಮೊ ಬರೆಸಿದರು. ಅದು ಅವನ ಫೈಲಿಗೆ ಸೇರಿದರೆ ಖಾಯಂ ಮಾತು ಹಾಗಿರಲಿ, ಮುಂದಿನ ಎಂಬತ್ತೊಂಬತ್ತೂ ಸಿಗುತ್ತಿರಲಿಲ್ಲ. ಅಪ್ಪಲರಾಜು “ಸರೇನಂಡಿ”, ಆಗಲಿ ಸಾರ್, ಎಂದಷ್ಟೇ ಹೇಳಿ ಕೆಟ್ಟ ಎಂಜಿನ್ನುಗಳನ್ನು ಬಿಚ್ಚಲು ಕೂತ.

ಆ ಸಂಜೆ ಐದಕ್ಕೆ ಕೈ ತೊಳೆದುಕೊಂಡು ನೋಟ್‌ಬುಕ್ ತೆರೆದೆ. ಹಿಂದಿನ ಪುಟದಲ್ಲಿ, ಪೂಜೆಯ ದಿನ, ನನ್ನದೇ ಅಕ್ಷರದಲ್ಲಿತ್ತು: ‘ಆರು ಎಂಜಿನ್ನಿನ ಬಟ್ಟೆ ತೆಗೆದು ಕುಂಕುಮ ಇಟ್ಟೆ. ನೋಡಲು ಲಕ್ಷಣವಾಗಿತ್ತು. ಉಸಲಿಗೆ ಉಪ್ಪು ಕಡಿಮೆ.’ ಅದರ ಕೆಳಗೆ ಇವತ್ತಿನದು ಏನು ಬರೆಯಲಿ? ಪೆನ್ನು ಮುಚ್ಚಿ ಮನೆಗೆ ಹೋದೆ. ಊಟಕ್ಕೆ ಕೂತಾಗ ಸರೋಜ ಕೇಳಿದಳು, “ನೀವು ಬಟ್ಟೆ ಬಿಚ್ಚುವಾಗ ನಾನೂ ಅಲ್ಲೇ ಇದ್ದೆ ಅಲ್ವಾ? ಸಾಹೇಬರಿಗೆ ಹೇಳಿದ್ರಾ?” ನಾನು ಮಜ್ಜಿಗೆ ಕೇಳಿದೆ. ಅವಳು ಬಡಿಸಿದಳು.

ಬೆಳಿಗ್ಗೆ ಎದ್ದು ಹಿಂದಿನ ದಿನದ್ದನ್ನು ನಡೆದ ಹಾಗೆಯೇ ಬರೆದು, ಸಾಹೇಬರು ಬರುವ ಮೊದಲೇ ಅವರ ಕೋಣೆಯ ಹೊರಗೆ ನಿಂತಿದ್ದೆ. ಮಾತಾಡಿದರೆ ಮತ್ತೆ ಸುತ್ತಿ ಬಳಸಿಯೇನು ಎಂದು, ನೋಟ್‌ಬುಕ್ಕಿನ ಆ ಪುಟ ತೆರೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

“ನಿನ್ನೆ ಯಾಕ ಹೇಳಲಿಲ್ರೀ ಮಾಸ್ತರ?”

ನಾನು ನೋಟ್‌ಬುಕ್ ಮುಚ್ಚಿ ಕೈಗೆತ್ತಿಕೊಂಡೆ.

“ನಾ ಬರೆಸಿದ ಕಾಗದಾ ಹರೀಬಹುದು. ಎಲ್ಲಾರ ಮುಂದ ಅವಗ ಅಂದ ಮಾತು ಹ್ಯಾಂಗ ಹರೀಲಿ ಹೇಳ್ರಿ?” ಮೆಮೊವನ್ನು ಎರಡು ತುಂಡು ಮಾಡಿದರು. “ಇನ್ನೊಂದು ಬರೆಸಬೇಕಾಗ್ತದ, ನಿಮ್ಮ ಹೆಸರ್ಲೆ. ಅದು ನನ್ನ ಕೆಲಸ. ಅವನ ಮುಂದ ಹೋಗಿ ಹೇಳೋದು ನಿಮ್ಮ ಕೆಲಸ. ನಡೀರಿ.”

ಆ ಮೆಮೊದಿಂದ ನನಗೇನಾಯಿತು ಎಂಬುದು ಗ್ರೇಡಿನ ಲೆಕ್ಕಕ್ಕೆ ಸೇರಿದ ಮಾತು, ಬಿಡಿ.

ಅಪ್ಪಲರಾಜು ಲೇತಿನ ಮುಂದೆ ಬೀಡು ಕಬ್ಬಿಣದ ಸರಳು ಕಡಿಯುತ್ತಿದ್ದ. ಹೊಸ ಪಿಸ್ಟನ್ನಿಗೆ. ಲೇತ್ ನಿಲ್ಲಿಸು ಎಂದೆ. ನಿಲ್ಲಿಸಿದ.

“ಅಪ್ಪಲರಾಜು, ಬಟ್ಟೆ ತೆಗೆದದ್ದು ನಾನು.”

“ಗೊತ್ತು ಮಾಸ್ಟಾರೂ.”

“ಗೊತ್ತಾ? ಯಾರು ಹೇಳಿದ್ರು?”

ಅವನು ಬೆಂಚಿನ ಕೆಳಗಿನ ಸೆಳೆಖಾನೆ ಎಳೆದು ತೋರಿಸಿದ. ಆ ಚಿಂದಿ ಬಟ್ಟೆಗಳು ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ, ಒಂದರ ಮೇಲೊಂದು ಕೂತಿದ್ದವು. “ಎಣ್ಣೆ ಚಿಂದೀನ ಹೀಗೆ ಮಡಿಸಿಡೋರು ಈ ಬಿಲ್ಡಿಂಗಲ್ಲಿ ಇನ್ಯಾರಿದಾರೆ? ಬೇರೆಯೋರಾಗಿದ್ರೆ ನೆಲಕ್ಕೆ ಬಿಸಾಕ್ತಿದ್ರು.”

“ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?”

“ನೀವು ಹೇಳ್ತೀರ ಅಂತ ನೋಡ್ತಿದ್ದೆ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಲೇತಿನ ಕಡೆ ತಿರುಗಿ, “ನಾಲ್ಕು ಎಂಜಿನ್, ಮೂರು ದಿನ. ಕಡಿಯೋದು ನಾನು ಕಡಿದೇನು. ಉಜ್ಜೋಕೆ ಎರಡು ಕೈ ಸಾಲದು” ಎಂದ.

ಮೂರು ದಿನ ನಾನು ಉಜ್ಜಿದೆ. ಮೊದಲು ಗೀರು ಬಿದ್ದ ಲೈನರುಗಳ, ಎಂದರೆ ಪಿಸ್ಟನ್ ಓಡಾಡುವ ಕೊಳವೆಗಳ ಒಳಮೈ, ಆಮೇಲೆ ಅದಕ್ಕೆ ಹೊಂದುವ ಹಾಗೆ ಅವನು ಕಡಿದುಕೊಟ್ಟ ಹೊಸ ಪಿಸ್ಟನ್ನುಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಪೇಸ್ಟು ಹಚ್ಚಿ ತಿರುವುವುದು, ತೊಳೆಯುವುದು, ಅವನ ಕೈಗೆ ಕೊಡುವುದು. ಅವನು ಹೆಬ್ಬೆರಳಲ್ಲಿ ತಳ್ಳಿ ನೋಡಿ, “ಇನ್ನೂ ಸ್ವಲ್ಪ” ಎಂದು ವಾಪಸ್ ಕೊಡುವುದು. ಇಪ್ಪತ್ತು ವರ್ಷ ಹೇಳಿಕೊಟ್ಟವನು ಆ ಮೂರು ದಿನ ಹೇಳಿಸಿಕೊಂಡೆ. ತೊಳೆಯುವಾಗ ಏಳಕ್ಕೆ ನಿಲ್ಲಿಸಿದರೆ ಅವನು ಹುಬ್ಬು ಏರಿಸುತ್ತಿದ್ದ. ಎಂಟನೆಯ ಸಲವೂ ತೊಳೆಯುತ್ತಿದ್ದೆ. ಅಂಗೈ ಚರ್ಮ ಸುಲಿದು, ಸರೋಜ ಅಟ್ಟದ ಮೇಲಿನ ಹರಳೆಣ್ಣೆ ಇಳಿಸಿ ಹಚ್ಚಿದಳು.

ನಾಲ್ಕರಲ್ಲಿ ಮೂರು ಉಳಿದವು. ಎರಡನೇ ನಂಬರಿನದು ಆಗಲಿಲ್ಲ, ಅದಕ್ಕೆ ಆಮೇಲೆ ತಿಂಗಳು ಹಿಡಿಯಿತು. ತಪಾಸಣೆಗೆ ಐದು ಎಂಜಿನ್ ಹೋದವು.

ಬಂದ ಅಧಿಕಾರಿ ಹೆಚ್ಚು ಮಾತಾಡುವವರಲ್ಲ. ಮೈದಾನದ ನಡುವೆ ನಿಂತ ವಿದ್ಯಾರ್ಥಿ ಎರಡು ಉಕ್ಕಿನ ತಂತಿ ಹಿಡಿದು ವಿಮಾನವನ್ನು ತನ್ನ ಸುತ್ತ ಹಾರಿಸುವುದನ್ನು ನೋಡಿದರು. ಒಂದಾದ ಮೇಲೊಂದು ಮೂರು ವಿಮಾನ ಏರಿ ಇಳಿದವು. ನಾಲ್ಕನೆಯದರ ಸರದಿ. ಅದರಲ್ಲಿದ್ದದ್ದು ನಾಲ್ಕನೇ ನಂಬರಿನ ಎಂಜಿನ್, ಹೊಸ ಪಿಸ್ಟನ್, ನಾನು ಉಜ್ಜಿದ್ದು. ಆರು ಏಟಿಗೂ ಹೊತ್ತಲಿಲ್ಲ. ನನ್ನ ಕೈ ಕಡ್ಡಿಯ ಕಡೆ ಹೋಯಿತು. ಅಪ್ಪಲರಾಜು ಮೆಲ್ಲಗೆ, “ಗೆರೆ ನೋಡಿ ಮಾಸ್ಟಾರೂ” ಎಂದ. ಮೈದಾನದ ಬಿಸಿಲಿಗೆ ಸೀಸೆಯಲ್ಲಿ ಗೆರೆ ಮೂಡಿತ್ತು. ಮಡಕೆಯೊಳಗಿನ ಇನ್ನೊಂದು ಸೀಸೆ ತೆಗೆದು ತುಂಬಿದೆವು. ಎರಡನೇ ಏಟಿಗೆ ಹೊತ್ತಿತು.

ಅಧಿಕಾರಿ ಹತ್ತಿರ ಬಂದು ಬಗ್ಗಿ ನೋಡಿದರು. “ಪ್ಲಗ್ ಎಲ್ಲಿ?”

“ಇಲ್ಲ ಸಾರ್.”

“ಯಾರು ಮಾಡಿದ್ದು?”

ನಾನು ಪಕ್ಕಕ್ಕೆ ಸರಿದೆ. ಅಪ್ಪಲರಾಜು ಎಣ್ಣೆ ಕೈ ಹಿಂದಕ್ಕೆ ಕಟ್ಟಿಕೊಂಡು, “ನಾನೇ ಮಾಡಿದ್ದಂಡಿ. ಉಜ್ಜಿದ್ದು ಮಾಸ್ಟಾರು” ಎಂದ.

ಅವರು ಏನೋ ಬರೆದುಕೊಂಡರು. ಆದೇಶ ಬರಲು ಒಂದೂವರೆ ವರ್ಷ ಹಿಡಿಯಿತು, ಮಧ್ಯೆ ಅವನಿಗೆ ಆರು ಸಲ ‘ಒಂದು ದಿನದ ಬಿಡುವು’ ಬಂದು ಹೋಯಿತು. ಏಳನೆಯದು ಬರಲಿಲ್ಲ. ಈಗ ಅವನು ವಿಶಾಖಪಟ್ಟಣದ ಇನ್ನೊಂದು ಘಟಕದಲ್ಲಿ ಖಾಯಂ ಟರ್ನರ್. ದಿನಾ ಅನಕಾಪಲ್ಲಿಯಿಂದಲೇ ಹೋಗಿ ಬರುತ್ತಾನೆ.

ರೇಣುಕಾ ಅವರೇ, ಈಗ ಬ್ಯಾಟರಿ ಮೋಟಾರಿನ ಕಾಲ ಬರುತ್ತಿದೆ ಎಂದು ಕೇಳಿದ್ದೇನೆ. ಎಣ್ಣೆ ಇಲ್ಲ, ವಾಸನೆ ಇಲ್ಲ, ಒಳ್ಳೆಯದೇ. ಆದರೂ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ನಾಲ್ಕನೆಯದನ್ನು ಬೆಂಚಿಗೆ ಬಿಗಿದು ಓಡಿಸಿ ನೋಡಿ. ಹೊಸ ಇಂಧನ, ಕಾಲು ಸುತ್ತು, ಬೆರಳಿಗೆ ಟ್ಯೂಬು. ಬಿರಡೆ ತೆಗೆಯುವುದು ಓಡಿಸುವಾಗ ಮಾತ್ರ.

ಬಿರಡೆಯ ಮಾತು ಉಳಿಯಿತು. ಮುಂದಿನ ವರ್ಷದ ಆಯುಧಪೂಜೆಯ ಹಿಂದಿನ ದಿನ ಅಪ್ಪಲರಾಜು ಲೇತಿನ ಮೇಲೆ ಹಲಸಿನ ಮರದ ತುಂಡು ಏರಿಸಿ, ಆರು ಪುಟ್ಟ ಬಿರಡೆ ಕಡಿದು, ಒಂದೊಂದನ್ನೂ ಒಂದೊಂದು ಎಂಜಿನ್ನಿನ ಬಾಯಿಗೆ ಗಾಳಿ ಆಡದ ಹಾಗೆ ಕೂರಿಸಿದ. “ಇನ್ನು ಎಷ್ಟು ಬೇಕಾದ್ರೂ ಇಡಿ ಮಾಸ್ಟಾರೂ, ಇದರ ಮೇಲೆ ಇಡಿ.” ಅಲ್ಲಿಂದ ಪ್ರತಿ ವರ್ಷ ಕುಂಕುಮ ಬಿರಡೆಗೇ. ನೀವು ನೋಡಿದ ಕೆಂಪು ಅದು.

ಆವತ್ತು ಅವನು ಕಡಿದದ್ದು ಏಳು. ಏಳನೆಯದನ್ನು ನನ್ನ ಕೈಗೆ ಕೊಟ್ಟ.

“ಇದ್ಯಾವ ಬಾಯಿಗಯ್ಯಾ? ನನ್ನ ಬಾಯಿಗಾ?”

“ಅಯ್ಯೋ, ನಿಮ್ಮ ಬಾಯಿಗೆ ಬೇಡ ಮಾಸ್ಟಾರೂ, ಇದು ನೆನಪಿಗೆ ಇಟ್ಕೊಳ್ಳಿ,” ಎಂದ, ಲೇತಿನ ಪುಡಿ ಗುಡಿಸುತ್ತ. “ಬಾಯಿ ತೆರೆದೇ ಇರ್ಲಿ. ಒಂದು ದಿನ ತಡವಾದ್ರೂ ಪರವಾಯಿಲ್ಲ.”